ಒಂದು ಅಂಕಿ ತಪ್ಪಿದರೆ ನೂರು ಟನ್

2009ರ ಮಾರ್ಚ್ 20ರಂದು ಮೆಲ್ಬರ್ನ್‌ನಿಂದ ದುಬೈಗೆ ಹೊರಟ ಎಮಿರೇಟ್ಸ್ ಎ340-500 ವಿಮಾನದ ಲೆಕ್ಕಕ್ಕೆ ಹಾಕಬೇಕಿದ್ದ ತೂಕ 362.9 ಟನ್. ಟೇಕಾಫ್ ಲೆಕ್ಕದ ಲ್ಯಾಪ್‌ಟಾಪ್‌ಗೆ ಹೋದದ್ದು 262.9. ತಂತ್ರಾಂಶ ಲೆಕ್ಕ ತಪ್ಪಲಿಲ್ಲ, 262.9 ಟನ್ನಿನ ವಿಮಾನಕ್ಕೆ ಏನು ಹೇಳಬೇಕೋ ಅದನ್ನೇ ಹೇಳಿತು. ಬಾಲ ನೆಲಕ್ಕೆ ಉಜ್ಜಿ, ರನ್‌ವೇ ದಾಟಿದ ಮೇಲೆ ವಿಮಾನ ಹೇಗೋ ಎದ್ದಿತು. ಎಲ್ಲರೂ ಬದುಕಿದರು. 2004ರಲ್ಲಿ ಹ್ಯಾಲಿಫ್ಯಾಕ್ಸ್‌ನಲ್ಲಿ ಎಂಕೆ ಏರ್‌ಲೈನ್ಸ್‌ನ ಸರಕು 747ಕ್ಕೆ ಆ ಅದೃಷ್ಟ ಇರಲಿಲ್ಲ: ಹಿಂದಿನ ಟೇಕಾಫ್‌ನ ತೂಕವೇ ಲೆಕ್ಕಕ್ಕೆ ಹೋಗಿತ್ತು, ಏಳೂ ಮಂದಿ ಸತ್ತರು.

ತೂಕ ಕಡಿಮೆ ಹಾಕಿದರೆ ಪೆಟ್ಟು ಎರಡು ಕಡೆಯಿಂದ. ಮೂಗೆತ್ತುವ ವೇಗ ಕಡಿಮೆ ಬರುತ್ತದೆ. ಜೊತೆಗೆ, ಎಂಜಿನ್ ಸವೆತ ಉಳಿಸಲು ಥ್ರಸ್ಟ್ (ಎಂಜಿನ್ನಿನ ತಳ್ಳುಬಲ) ತಗ್ಗಿಸಿಕೊಡುವ ತಂತ್ರಾಂಶ, ವಿಮಾನ ಹಗುರ ಎಂದು ನಂಬಿ ಇನ್ನಷ್ಟು ತಗ್ಗಿಸುತ್ತದೆ. ಬಲ ಬೇಕಾದಾಗಲೇ ಬಲ ಇಲ್ಲ.

"ಇಬ್ಬರೂ ನೋಡಿದ್ದೇವೆ" ಅನ್ನುವ ಪೈಲಟ್‌ಗಳ ಮಾತಿಗೆ ನನ್ನ ಪ್ರಕಾರ ಬೆಲೆ ಇಲ್ಲ. ಒಬ್ಬರ ಪರದೆ ನೋಡಿ ಇನ್ನೊಬ್ಬರು ಅದೇ ಅಂಕಿ ಒತ್ತಿದರೆ ಅದು ನಕಲು. ಇಬ್ಬರೂ ಲೋಡ್‌ಶೀಟ್‌ನಿಂದಲೇ (ವಿಮಾನದ ತೂಕದ ಪಟ್ಟಿ) ಬೇರೆಬೇರೆಯಾಗಿ ತುಂಬಬೇಕು, ಆಮೇಲೆ ಉತ್ತರ ಹೋಲಿಸಬೇಕು. ಇಂಧನವಿಲ್ಲದ ತೂಕಕ್ಕೆ ಇಂಧನ ಕೂಡಿಸಿ, ಟ್ಯಾಕ್ಸಿಗೆ, ಅಂದರೆ ರನ್‌ವೇವರೆಗೆ ನೆಲದ ಮೇಲೆ ಸಾಗಲು, ಉರಿಯುವುದನ್ನು ಕಳೆದರೆ ಟೇಕಾಫ್ ತೂಕ. ಇದನ್ನು ಬಾಯಿಲೆಕ್ಕದಲ್ಲಿ ಮೊದಲೇ ಹೇಳಿಕೊಂಡಿರಬೇಕು. ಎ320 ಆದರೆ ಇನ್ನೂ ಸುಲಭ: ಟನ್ನಿನ ತೂಕದ ಎರಡರಷ್ಟಕ್ಕೆ 85 ಕೂಡಿಸಿದರೆ ಸರಿಸುಮಾರು ಗ್ರೀನ್ ಡಾಟ್ ವೇಗ, ಅಂದರೆ ರೆಕ್ಕೆಯ ಫ್ಲ್ಯಾಪ್ ಮಡಚಿದ ಮೇಲೆ ಅತಿ ಕಡಿಮೆ ಎಳೆತದಲ್ಲಿ ಹಾರುವ ವೇಗ. 70 ಟನ್ನಿಗೆ 225 ನಾಟ್. ಟ್ಯಾಬ್ಲೆಟ್ 205 ತೋರಿಸಿದರೆ ಹತ್ತು ಟನ್ ಎಲ್ಲೋ ಕಳೆದುಹೋಗಿದೆ ಎಂದೇ ಅರ್ಥ.

ಸಣ್ಣ ವಿಮಾನದವರಿಗೆ ತೂಕಕ್ಕಿಂತ ಬಿಸಿಗೆ ತೆಳುವಾದ ಗಾಳಿಯೇ ಕಾಟ. ಬೆಂಗಳೂರು ಸುಮಾರು 3,000 ಅಡಿ ಎತ್ತರ, ಆ ಎತ್ತರಕ್ಕೆ ವಿಮಾನದ ಲೆಕ್ಕಗಳಲ್ಲಿ ಹಿಡಿಯುವ ಪ್ರಮಾಣಿತ ಉಷ್ಣಾಂಶ 9 ಡಿಗ್ರಿ. ಏಪ್ರಿಲ್ ಮಧ್ಯಾಹ್ನ 35 ಇದ್ದರೆ ವ್ಯತ್ಯಾಸ 26. ಡಿಗ್ರಿಗೆ 120 ಅಡಿಯಂತೆ 3,120 ಕೂಡಿಸಿ: ಎಂಜಿನ್ನಿಗೂ ರೆಕ್ಕೆಗೂ ಅದು 6,000 ಅಡಿ ದಾಟಿದ ಎತ್ತರದಷ್ಟು ತೆಳು ಗಾಳಿ. ಆ್ಯಪ್‌ನಲ್ಲಿ ಬೆಳಿಗ್ಗೆ ಏಳರ ಉಷ್ಣಾಂಶ ಹಾಗೇ ಕುಳಿತಿದ್ದರೆ ಅದು ತೋರಿಸುವ ಟೇಕಾಫ್ ದೂರ ಬೆಳಿಗ್ಗೆಯದು. ಎದುರುಗಾಳಿ ಹಿಂಗಾಳಿಯಾಗಿ ತಿರುಗಿದೆಯೇ, ರನ್‌ವೇ ಪೂರ್ತಿ ಸಿಗುತ್ತಿದೆಯೇ, ಇಲ್ಲ ನಡುವಿನ ಟ್ಯಾಕ್ಸಿವೇಯಿಂದ ಹೊರಡುತ್ತಿದ್ದೀರಾ, ಅದನ್ನೂ ಅದಕ್ಕೆ ನೀವೇ ಹೇಳಬೇಕು.

ಹಳೆಯ ಅಂಕಿ ನೆನಪಿಟ್ಟುಕೊಳ್ಳುವ ಸೌಲಭ್ಯವನ್ನು ತಯಾರಕರು ಗುಣವೆಂದು ಹೊಗಳುತ್ತಾರೆ. ನಾನಾದರೆ ಪ್ರತಿ ಹಾರಾಟಕ್ಕೂ ತೂಕದ ಖಾನೆ ಖಾಲಿಯಾಗಿಯೇ ತೆರೆಯಲಿ ಅನ್ನುತ್ತೇನೆ.