ಇನ್ನೊಂದ್ಸಲ ಎಣಿಸಿ ಸ್ವಾಮೀ

ಗವರ್ನರ್ ಅಂದ ತಕ್ಷಣ ನಮಗೆ ನೆನಪಾಗೋದು ರಾಜಭವನ. ದೆಹಲಿಯಿಂದ ಆದೇಶ ಬರುತ್ತದೆ, ಯಾವುದೋ ರಾಜ್ಯದ ಹಿರಿಯರೊಬ್ಬರು ಬಂದಿಳಿಯುತ್ತಾರೆ, ಪ್ರಮಾಣವಚನ, ಚಹಾಕೂಟ, ಮುಗೀತು. ಅಮೆರಿಕದಲ್ಲಿ ಹಾಗಲ್ಲ. ಅಲ್ಲಿ ಗವರ್ನರ್ ಅಂದರೆ ನಮ್ಮ ಮುಖ್ಯಮಂತ್ರಿ ಇದ್ದ ಹಾಗೆ, ಜನರೇ ಓಟು ಹಾಕಿ ಆರಿಸಬೇಕು. ಆರಿಸಿದ್ದು ಯಾರನ್ನು ಅಂತ ಗೊತ್ತಾಗೋದೇ ಕಷ್ಟ.

ವಾಷಿಂಗ್ಟನ್ ರಾಜ್ಯ, 2004. (ವೈಟ್ ಹೌಸ್ ಇರುವ ಊರಲ್ಲ. ಸಿಯಾಟಲ್ ಇರೋದು, ಮೈಕ್ರೋಸಾಫ್ಟ್ ಇರೋದು, ನಿಮ್ಮ ಷಡ್ಡಕನ ಮಗ ಇರೋದು.) ಆ ಕಡೆ ರಿಪಬ್ಲಿಕನ್ ಪಕ್ಷದ ಡೀನೋ ರಾಸಿ, ಈ ಕಡೆ ಡೆಮಾಕ್ರಟಿಕ್ ಪಕ್ಷದ ಕ್ರಿಸ್ಟೀನ್ ಗ್ರೆಗ್ವಾರ್. ಬಿದ್ದ ಓಟು ಸುಮಾರು 28 ಲಕ್ಷ. ಮೊದಲ ಎಣಿಕೆಯಲ್ಲಿ ರಾಸಿ 261 ಓಟು ಮುಂದೆ. ಅಂತರ ತೀರಾ ಕಡಿಮೆ, ಹಾಗಾಗಿ ಕಾನೂನಿನ ಪ್ರಕಾರ ಮತ್ತೆ ಯಂತ್ರಕ್ಕೆ ಹಾಕಿದರು. ಈಗ 42. ಸಾಫ್ಟ್‌ವೇರಿನ ತವರುಮನೆಯಲ್ಲೇ ಕೂಡಿಸೋ ಲೆಕ್ಕದ ಗತಿ ಇದು. ಕೊನೆಗೆ ಏಳು ಲಕ್ಷ ಡಾಲರಿಗೂ ಜಾಸ್ತಿ ಠೇವಣಿ ಕಟ್ಟಿದ ಡೆಮಾಕ್ರಟರು "ಕೈಯಲ್ಲೇ ಎಣಿಸಿ" ಅಂದರು. ಎಣಿಸಿದರು. ಗ್ರೆಗ್ವಾರ್ 129 ಓಟಿನಿಂದ ಗೆದ್ದರು!

ಮಜಾ ಇರೋದು ಮಾತಿನಲ್ಲಿ. ಎಣಿಕೆಯಲ್ಲಿ ಹಿಂದೆ ಬಿದ್ದಿದ್ದಾಗ ಡೆಮಾಕ್ರಟರಿಗೆ ಒಂದೊಂದು ಓಟೂ ದೇವರ ಪ್ರಸಾದ, ಒಂದು ಕಾಳೂ ಕೆಳಗೆ ಬೀಳಬಾರದು. ರಿಪಬ್ಲಿಕನ್ನರಿಗೆ, ಎರಡು ಸಲ ಎಣಿಸಿ ಆಯಿತಲ್ಲ, ಇನ್ನೆಷ್ಟು ಸಲ? ಫಲಿತಾಂಶ ತಿರುಗಿದ್ದೇ ತಡ, ರಾಸಿಯವರು ಮೂರು ಎಣಿಕೆ ಸಾಲದು, ಚುನಾವಣೆಯನ್ನೇ ಮತ್ತೆ ನಡೆಸಿ ಅಂದರು. ಡೆಮಾಕ್ರಟರಿಗೆ ಈಗ ಎಣಿಕೆ ಸಾಕಾಗಿತ್ತು.

ಆ 129ರ ಹಿಂದೆ ಸಿಯಾಟಲ್ ಇರುವ ಕಿಂಗ್ ಕೌಂಟಿಯ (ಕೌಂಟಿ ಅಂದರೆ ನಮ್ಮ ಜಿಲ್ಲೆ ಇದ್ದ ಹಾಗೆ) ಕಥೆಯಿದೆ. ಅಲ್ಲಿನ ಮಂಡಳಿಯ ಸದಸ್ಯ ಲ್ಯಾರಿ ಫಿಲಿಪ್ಸ್ ತಿರಸ್ಕಾರವಾದ ಓಟುಗಳ ಪಟ್ಟಿ ನೋಡುತ್ತಾ ಕೂತಿದ್ದರು. ತಮ್ಮ ಬಡಾವಣೆಯವರು ಯಾರಾದರೂ ಇದ್ದಾರಾ ಅಂತ ಬೆರಳಿಟ್ಟು ಹುಡುಕಿದರೆ ಸಿಕ್ಕಿದ್ದು ಸ್ವಂತ ಹೆಸರು! ಅಂಚೆ ಓಟಿನ ಲಕೋಟೆ ಮೇಲಿನ ಸಹಿಗೆ ತಾಳೆ ನೋಡೋಕೆ ಅವರ ಸಹಿ ಕಂಪ್ಯೂಟರಿನಲ್ಲಿ ಸಿಗಲಿಲ್ಲ ಅಂತ ಅವರ ಓಟನ್ನು ಪಕ್ಕಕ್ಕಿಟ್ಟಿದ್ದರು. ಅವರಂಥವರು ಇನ್ನೂ ನೂರಾರು ಜನ. ನನಗೇನೂ ಆಶ್ಚರ್ಯವಾಗಲಿಲ್ಲ ಬಿಡಿ. ಇಪ್ಪತ್ತು ವರ್ಷದಿಂದ ಖಾತೆಯಿರುವ ಬ್ಯಾಂಕಿನಲ್ಲಿ ನನ್ನ ಸಹಿ ನನ್ನದಲ್ಲ ಅಂತ ಮೊನ್ನೆ ವಾಪಸ್ ಕಳಿಸಿದ್ದಾರೆ. ವ್ಯತ್ಯಾಸ ಇಷ್ಟೇ, ಅಂಥ ಓಟನ್ನೂ ಎಣಿಸಬಹುದು ಅಂತ ಫಿಲಿಪ್ಸ್ ಪರ ರಾಜ್ಯದ ಸುಪ್ರೀಂ ಕೋರ್ಟ್ ನಿಂತಿತು, ನನಗೆ ಕೌಂಟರಿನ ಹುಡುಗಿಯೂ ನಿಲ್ಲಲಿಲ್ಲ.

ನಗೋ ಮುಂಚೆ ನಮ್ಮ ಸಂತೇಮರಹಳ್ಳಿ ನೆನಪಿರಲಿ. ಅದೇ 2004ರ ವಿಧಾನಸಭಾ ಚುನಾವಣೆ. ಧ್ರುವನಾರಾಯಣ 40,752, ಎ.ಆರ್. ಕೃಷ್ಣಮೂರ್ತಿ 40,751. ಸೋತವರ ಕಾರಿನ ಚಾಲಕನಿಗೆ ಓಟು ಹಾಕೋಕೆ ಬಿಡುವೇ ಸಿಗಲಿಲ್ಲ ಅನ್ನೋದು ಇವತ್ತಿಗೂ ಚುನಾವಣೆ ಬಂದಾಗಲೆಲ್ಲ ಓಡಾಡೋ ಮಾತು. ನಮ್ಮ ಮೆಷಿನ್ನಿನಲ್ಲಿ ಸಹಿಯ ರಗಳೆ ಇಲ್ಲ, ಡ್ರೈವರಿಗೆ ಅರ್ಧ ಗಂಟೆ ರಜೆ ಕೊಟ್ಟರೆ ಸಾಕು.

ಅಲ್ಲಿ ರಿಪಬ್ಲಿಕನ್ನರು ಕೋರ್ಟಿಗೆ ಹೋದರು. ಊರು ವೆನಾಚಿ, ಸೇಬಿಗೆ ಹೆಸರುವಾಸಿ. ಓಟಿನ ಹಕ್ಕು ಕಳೆದುಕೊಂಡ ಅಪರಾಧಿಗಳು ಓಟು ಹಾಕಿದ್ದಾರೆ, ಸತ್ತವರ ಹೆಸರಲ್ಲೂ ಬಿದ್ದಿದೆ, ಅದನ್ನೆಲ್ಲ ಕಳೆದು ನೋಡಿ ಅನ್ನೋದು ವಾದ. ಸರಿ, ಆದರೆ ಆ ಓಟು ಯಾರಿಗೆ ಬಿದ್ದಿದ್ದು? ಸತ್ತವರನ್ನು ಕೇಳೋ ಹಾಗಿಲ್ಲ. ಆಯಾ ಬೂತಿನ ಲೆಕ್ಕ ನೋಡಿ ಪಾಲು ಹಾಕಿ ಕಳೆಯೋಣ ಅಂದರು, ನ್ಯಾಯಾಧೀಶ ಜಾನ್ ಬ್ರಿಡ್ಜಸ್ ಒಪ್ಪಲಿಲ್ಲ. ಆದರೆ ಬದುಕಿದ್ದ ನಾಲ್ಕು ಅಪರಾಧಿಗಳು ನಾವು ಹಾಕಿದ್ದು ಇಂಥವರಿಗೇ ಅಂತ ಒಪ್ಪಿಕೊಂಡಿದ್ದರು. ರಾಸಿಗೆ!

2005ರ ಜೂನ್ 6ರಂದು ತೀರ್ಪು. ಆ ನಾಲ್ಕೂ ಓಟು ರಾಸಿಯವರ ಲೆಕ್ಕದಿಂದಲೇ ಖೋತಾ, ಅಂತರ 133. ಮೇಲಿನ ಕೋರ್ಟಿಗೆ ಹೋಗೋದಿಲ್ಲ ಅಂತ ರಾಸಿ ಅವತ್ತೇ ಹೇಳಿಬಿಟ್ಟರು. ಹೋಗಿದ್ದರೆ ಇನ್ನೆಷ್ಟು ಕಳೆಯುತ್ತಿದ್ದರೋ!