ವಿಡಿಯೋದ ಜೊತೆಗೆ ಎರಡು ಸಾಲು ಬರೆಯಿರಿ

ಬೆಳಿಗ್ಗೆಯಿಂದ ನಮ್ಮ ಊರಿನ ಕೃಷಿಕರ ವಾಟ್ಸಾಪ್ ಗುಂಪಿನಲ್ಲಿ ಒಂದು ವಿಡಿಯೋ ಓಡಾಡುತ್ತಿದೆ. ತೋಡಿನ, ಅಂದರೆ ಸಣ್ಣ ಹಳ್ಳದ, ಪಕ್ಕದಲ್ಲಿ ಒಂದು ಕಬ್ಬಿಣದ ಉಪಕರಣ ಟಕ್ ಟಕ್ ಎನ್ನುತ್ತಿದೆ, ಮೇಲಿನ ಗುಡ್ಡದ ಟ್ಯಾಂಕಿಗೆ ನೀರು ಬೀಳುತ್ತಿದೆ. ತಲೆಬರಹ: 'ಕರೆಂಟ್ ಬೇಡ, ಡೀಸೆಲ್ ಬೇಡ, ಉಚಿತ ನೀರು, ಎಲ್ಲರಿಗೂ ಹಂಚಿ.' ಕೆಳಗೆ ಸಾಲು ಸಾಲು ಹೆಬ್ಬೆರಳು. ಒಬ್ಬರು 'ಸುಳ್ಳು' ಎಂದು ಬರೆದರು. ಮಧ್ಯಾಹ್ನದೊಳಗೆ ಅಡಿಕೆ ಧಾರಣೆ ಬಂತು, ಗೃಹಪ್ರವೇಶದ ಕಾಗದ ಬಂತು, ವಿಡಿಯೋ ಮೇಲೆ ಸರಿದುಹೋಯಿತು.

ನನಗೆ ತಡೆಯಲಾಗದಷ್ಟು ಸಿಟ್ಟು ಬಂದಿದೆ. ಅದು ಸುಳ್ಳಲ್ಲ, ಪವಾಡವೂ ಅಲ್ಲ. ಅದು ರ‍್ಯಾಮ್ ಪಂಪ್. ಬಿಸಿಗಾಳಿಯ ಬಲೂನು ಹಾರಿಸಿದ ಸೋದರರಲ್ಲಿ ಒಬ್ಬನಾದ ಜೋಸೆಫ್ ಮೋಂಗೋಲ್ಫಿಯೆ 1796ರಲ್ಲಿ ತಾನಾಗಿ ಓಡುವಂತೆ ಮಾಡಿದ ಯಂತ್ರ. ಪೈಪಿನಲ್ಲಿ ರಭಸದಿಂದ ಇಳಿಯುವ ನೀರೇ ಒಂದು ವಾಲ್ವನ್ನು ಫಕ್ಕನೆ ಮುಚ್ಚುತ್ತದೆ. ಓಡುವ ನೀರನ್ನು ಹಾಗೆ ತಡೆದಾಗ ಒತ್ತಡ ಒಮ್ಮೆಗೇ ಏರುತ್ತದೆ. ಕರೆಂಟ್ ಹೋದ ಕೂಡಲೇ ತೋಟದ ಪೈಪು ಧಡ್ ಎಂದು ಹೊಡೆದುಕೊಳ್ಳುವುದನ್ನು ಕೇಳದ ಕೃಷಿಕ ನಮ್ಮಲ್ಲಿ ಯಾರಿದ್ದಾರೆ? ಅದೇ ಹೊಡೆತ. ಆ ಒತ್ತಡಕ್ಕೆ ಎರಡನೆಯ ವಾಲ್ವು ತೆರೆದು ಸ್ವಲ್ಪ ನೀರು ಗಾಳಿ ತುಂಬಿದ ಕೋಶಕ್ಕೆ ನುಗ್ಗುತ್ತದೆ, ಅಲ್ಲಿಂದ ಗುಡ್ಡಕ್ಕೆ ಏರುತ್ತದೆ. ಒತ್ತಡ ಇಳಿದೊಡನೆ ಮೊದಲ ವಾಲ್ವು ಮತ್ತೆ ತೆರೆಯುತ್ತದೆ. ಆ ಟಕ್ ಟಕ್ ಎಂದರೆ ಇಷ್ಟೇ.

ಉಚಿತ ಎಂಬ ಮಾತು ಮಾತ್ರ ತಪ್ಪು. ಎರಡು ಮೀಟರ್ ಇಳಿಯುವ ನೂರು ಲೀಟರ್ ನೀರಿನಿಂದ ಇಪ್ಪತ್ತು ಮೀಟರ್ ಮೇಲಕ್ಕೆ ಹೆಚ್ಚೆಂದರೆ ಹತ್ತು ಲೀಟರ್ ಏರಿಸಬಹುದು. ವಾಸ್ತವದಲ್ಲಿ ಅದಕ್ಕಿಂತಲೂ ಕಡಿಮೆ. ಉಳಿದದ್ದೆಲ್ಲ ತೋಡಿಗೇ ಹರಿದುಹೋಗುತ್ತದೆ. ಹರಿದುಹೋಗುವ ಆ ನೀರೇ ಇಲ್ಲಿ ಇಂಧನ. ಇಷ್ಟನ್ನು ಎರಡು ಸಾಲಿನಲ್ಲಿ ಬರೆದು ಕಳುಹಿಸಿದ್ದರೆ ಏನು ನಷ್ಟವಾಗುತ್ತಿತ್ತು?

ಒಂದು ಸಾಲೂ ಬರೆಯದೆ ಮುಂದಕ್ಕೆ ತಳ್ಳುವ ಈ ಅಭ್ಯಾಸ ಎಲ್ಲ ವಿಡಿಯೋಗಳನ್ನೂ ಹಾಳುಮಾಡುತ್ತಿದೆ. 1971ರಲ್ಲಿ ಅಪೊಲೊ 15ರ ಡೇವಿಡ್ ಸ್ಕಾಟ್ ಚಂದ್ರನ ಮೇಲೆ ನಿಂತು ಸುತ್ತಿಗೆಯನ್ನೂ ಗಿಡುಗದ ಗರಿಯನ್ನೂ ಒಟ್ಟಿಗೆ ಬಿಟ್ಟದ್ದು, ಅವೆರಡೂ ಒಟ್ಟಿಗೇ ನೆಲ ಮುಟ್ಟಿದ್ದು ನಮ್ಮ ಗುಂಪಿಗೂ ಬಂದಿತ್ತು. ಅವರ ಮಾತನ್ನು ಅಳಿಸಿ ಅಬ್ಬರದ ಸಂಗೀತ ಹಾಕಿದ್ದರು. ಗರಿಯನ್ನು ತಡೆದು ನಿಧಾನಗೊಳಿಸುವ ಗಾಳಿ ಅಲ್ಲಿಲ್ಲ ಎಂಬುದೇ ಇಡೀ ಪ್ರಯೋಗದ ಜೀವ. ಅದನ್ನು ಯಾರೂ ಹೇಳಲಿಲ್ಲ, ಯಾರೂ ಕೇಳಲಿಲ್ಲ.

'ದಿನವಿಡೀ ದುಡಿದು ಬಂದವರಿಗೆ ಪಾಠ ಯಾಕೆ? ನಾವೇನು ಇಂಜಿನಿಯರುಗಳೇ?' ಎಂದು ಒಬ್ಬರು ನನ್ನನ್ನು ಕೇಳಿದ್ದುಂಟು. ಈ ಮಾತನ್ನು ನಾನು ಒಪ್ಪುವುದಿಲ್ಲ. ನಮ್ಮ ಕಾಸರಗೋಡಿನ ಗುಡ್ಡಗಳಲ್ಲಿ ಮುರಕಲ್ಲು ಕೊರೆದು ನೀರಿಗಾಗಿ ಸುರಂಗ ತೋಡಿದವರು ಯಾವ ಕಾಲೇಜಿಗೆ ಹೋಗಿದ್ದರು? ನೀರು ತಾನಾಗಿ ಹೊರಗೆ ಹರಿಯಬೇಕಾದರೆ ನೆಲಕ್ಕೆ ಎಷ್ಟು ಇಳಿಜಾರು ಕೊಡಬೇಕು ಎಂಬುದು ಅವರಿಗೆ ಗೊತ್ತಿತ್ತು. ಅವರ ಮೊಮ್ಮಕ್ಕಳಿಗೆ ಒಂದು ವಾಲ್ವಿನ ವಿಷಯ ಅರ್ಥವಾಗದು ಎನ್ನುವುದು ಅವಮಾನ.

ನನ್ನ ಸಿಟ್ಟಿನ ಹಿಂದೆ ಒಂದು ನೋವೂ ಇದೆ. ಅಣ್ಣನ ಮಗಳು ಕನ್ನಡ ಮಾಧ್ಯಮದಲ್ಲಿ ಹತ್ತನೆಯ ತರಗತಿ ಓದುತ್ತಿದ್ದಾಳೆ. ಅವಳ ಕಣ್ಣಿಗೆ ಬೀಳುವ ವಿಜ್ಞಾನದ ವಿಡಿಯೋಗಳೆಲ್ಲ ಮಲಯಾಳದಲ್ಲಿ, ಇಲ್ಲವೇ ಇಂಗ್ಲಿಷಿನಲ್ಲಿ. ನೋಡಲಿ, ಬೇಡವೆನ್ನುವುದಿಲ್ಲ. ಆದರೆ ನೋಡಿದ್ದನ್ನು ಕನ್ನಡದಲ್ಲಿ ಮಾತನಾಡುವುದಕ್ಕೆ ಅವಳಿಗೆ ಯಾರಿದ್ದಾರೆ? ಗುಂಪಿನಲ್ಲಿ ನಿವೃತ್ತ ಭೌತಶಾಸ್ತ್ರದ ಮಾಸ್ತರರಿದ್ದಾರೆ, ಪಂಪು ಬಿಚ್ಚಿ ಜೋಡಿಸುವವರಿದ್ದಾರೆ. ಎಲ್ಲರೂ ಹೆಬ್ಬೆರಳು ಒತ್ತಿ ಸುಮ್ಮನಾಗುತ್ತಾರೆ.

ಮಧ್ಯಾಹ್ನ ನಾನು ಆ ಪಂಪಿನ ವಿವರ ಬರೆದು ಹಾಕಿದೆ. ಸ್ವಲ್ಪ ಹೊತ್ತಿಗೆ ಹಿರಿಯರೊಬ್ಬರು ಕೇಳಿದರು: 'ನಮ್ಮ ಸುರಂಗಕ್ಕೆ ಇದನ್ನು ಹಾಕಬಹುದಾ ಮಗಾ?' ಎಂತಹ ಪ್ರಶ್ನೆ! ಸುರಂಗದ ನೀರು ಸಣ್ಣ ಎಳೆ, ಅದರಿಂದ ಈ ಪಂಪು ನಡೆಯುವುದು ಕಷ್ಟ ಎಂದೆ. ಕೂಡಲೇ ಇನ್ನೊಬ್ಬರು, ತೋಡಿನಲ್ಲಿ ರಭಸವಿರುವುದು ಮಳೆಗಾಲದಲ್ಲಿ, ಅಡಿಕೆಗೆ ನೀರು ಬೇಕಾಗುವುದು ಬೇಸಿಗೆಯಲ್ಲಿ, ಏನು ಪ್ರಯೋಜನ ಎಂದರು. ವಿಡಿಯೋ ಹಂಚಿದವರಿಗೆ ಹೊಳೆಯದ ಮಾತು ಅದು. ಆಗ ಏತಡ್ಕದ ಕಡೆಯವರೊಬ್ಬರು ಕಟ್ಟದ, ಅಂದರೆ ತೋಡಿಗೆ ಅಡ್ಡ ಹಾಕುವ ಒಡ್ಡಿನ, ವಿಷಯ ಎತ್ತಿದರು. ಮಳೆ ಮುಗಿದ ಮೇಲೆ ತೋಡಿಗೆ ಕಟ್ಟ ಹಾಕಿದರೆ ಅದು ತುಂಬಿ ಮೇಲಿನಿಂದ ಹರಿಯುತ್ತದಲ್ಲ, ಆ ಇಳಿತ ಸಾಕೇ?

ಸಾಕೋ ಇಲ್ಲವೋ ಎಂಬುದು ಎತ್ತರ ಮತ್ತು ನೀರಿನ ಪ್ರಮಾಣದ ಮೇಲೆ ನಿಂತಿದೆ. ನಿಮ್ಮ ಕಡೆಯ ಕಟ್ಟದ ಎತ್ತರ ಎಷ್ಟು, ಯಾವ ತಿಂಗಳವರೆಗೆ ತುಂಬಿ ಹರಿಯುತ್ತದೆ, ಒಂದು ಕೊಡಪಾನ ತುಂಬಲು ಎಷ್ಟು ಹೊತ್ತು ಹಿಡಿಯುತ್ತದೆ ಎಂದು ಗೊತ್ತಿರುವವರು ಕೆಳಗೆ ಬರೆಯಿರಿ. ಲೆಕ್ಕ ಹಾಕಿ ನೋಡೋಣ. ಬರಿಯ ಹೆಬ್ಬೆರಳು ಬೇಡ.