ಬುಡಕ್ಕೆ ಕೈ ಹಾಕುವ ಹುಡುಗಿ

ಮೊನ್ನೆ ಭಾನುವಾರ ನೆಂಟರ ಮನೆಯಲ್ಲಿ ಕಂಡದ್ದನ್ನು ಎರಡು ದಿನ ಒಳಗೇ ಇಟ್ಟುಕೊಂಡಿದ್ದೆ, ಇನ್ನು ಇಟ್ಟುಕೊಳ್ಳಲಾರೆ. ಊಟ ಮುಗಿದ ಮೇಲೆ ಮನೆಯ ಹಿರಿಯರು ತಮ್ಮ ತಾತನ ಕಾಲದಿಂದ ಬಂದ ತೋಟದ ಪಹಣಿಯನ್ನು ಹೊರತೆಗೆದು, ಯಾರ್ಯಾರ ಹೆಸರಿಗೆ ಎಷ್ಟೆಷ್ಟು ಗುಂಟೆ ಸೇರಿದೆ ಎಂದು ಓದಿ ಹೇಳುತ್ತಿದ್ದರು. ಪಕ್ಕದಲ್ಲಿ ಕುಳಿತಿದ್ದ 11 ವರ್ಷದ ಮೊಮ್ಮಗಳು ಹಾಳೆಯ ಮೇಲೆ ಬೆರಳಿಟ್ಟು ಎಲ್ಲ ಹೆಸರುಗಳನ್ನೂ ಒಮ್ಮೆ ಓದಿಕೊಂಡು, "ತಾತ, ಇದರಲ್ಲಿ ಅತ್ತೆ ಹೆಸರು ಯಾಕಿಲ್ಲ?" ಎಂದು ಕೇಳಿದಳು. ಅವಳ ದನಿಯಲ್ಲಿ ಜಗಳವಿರಲಿಲ್ಲ. ಲೆಕ್ಕದಲ್ಲಿ ಒಂದು ಅಂಕಿ ಬಿಟ್ಟುಹೋದದ್ದನ್ನು ತೋರಿಸುವ ಮಗುವಿನ ದನಿ ಅದು. ಉತ್ತರ ಕೊಡಬೇಕಾದವರು ಕೊಡಲಿಲ್ಲ. ಎದುರಿಗೆ ಕುಳಿತಿದ್ದವರೊಬ್ಬರು, "ಮೂಲಾ ನಕ್ಷತ್ರ ಅಲ್ವಾ, ಬುಡಕ್ಕೇ ಕೈ ಹಾಕ್ತಾಳೆ" ಎಂದರು. ಎಲ್ಲರೂ ನಕ್ಕರು. ಪಹಣಿ ಮತ್ತೆ ಬೀರು ಸೇರಿತು. ಆ ಅತ್ತೆ ಎಲೆ ಅಡಿಕೆಯ ತಟ್ಟೆ ಹಿಡಿದು ಅಡುಗೆಮನೆಯ ಬಾಗಿಲಲ್ಲೇ ನಿಂತಿದ್ದರು. ನಾನು ಕೂಡ ಒಂದು ಮಾತನ್ನೂ ಆಡಲಿಲ್ಲ.

ನಾನು ಯಾರ ಮಗಳು ಎಂಬುದು ಇಲ್ಲಿರುವ ಹೆಚ್ಚಿನವರಿಗೆ ಗೊತ್ತು. ಪಂಚಾಂಗ ಓದುವ ಅಪ್ಪನ ಮನೆಯಲ್ಲಿ ಬೆಳೆದವಳು. ಬೆರಳ ಗೆಣ್ಣುಗಳ ಮೇಲೆ 27 ನಕ್ಷತ್ರಗಳನ್ನು ಎಣಿಸುವುದನ್ನು ಮಗ್ಗಿಗಿಂತ ಮೊದಲೇ ಕಲಿತವಳು. ಹಾಗಾಗಿ ಇದನ್ನು ಹೊರಗೆ ನಿಂತು ಕಲ್ಲೆಸೆಯುವವಳ ಮಾತು ಎಂದು ದಯವಿಟ್ಟು ತಳ್ಳಿಹಾಕಬೇಡಿ. ನನ್ನದೂ ಮೂಲಾ ನಕ್ಷತ್ರ, ಅದರ ನಾಲ್ಕು ಪಾದಗಳಲ್ಲಿ, ಎಂದರೆ ಕಾಲು ಭಾಗಗಳಲ್ಲಿ, ಎರಡನೆಯದು.

ಮೂಲಾ ಎಂದರೆ ಬೇರು. ಒಟ್ಟಿಗೆ ಕಟ್ಟಿದ ಬೇರುಗಳ ಕಟ್ಟು ಅದರ ಗುರುತು. ಧನು ರಾಶಿಯ ಮೊದಲ 13 ಡಿಗ್ರಿ 20 ಕಲೆ ಅದರ ವ್ಯಾಪ್ತಿ. ಅಧಿದೇವತೆ ವಿನಾಶದ ದೇವಿ ನಿರೃತಿ, ದಶಾನಾಥ (ಅದನ್ನು ಆಳುವ ಗ್ರಹ) ಕೇತು, ದೇವ, ಮನುಷ್ಯ, ರಾಕ್ಷಸ ಎಂಬ ಮೂರು ಗಣಗಳಲ್ಲಿ ಅದರದು ರಾಕ್ಷಸ. ಈ ಮೂರು ಹೆಸರುಗಳನ್ನು ಒಟ್ಟಿಗೆ ಕೇಳಿದವರು ಹೆದರುವುದು ಸಹಜವೇ ಇರಬಹುದು. ಆದರೆ ರಾಕ್ಷಸ ಗಣದಲ್ಲಿ ಕೃತ್ತಿಕಾ, ಮಘಾ, ಚಿತ್ತಾ, ಧನಿಷ್ಠಾ ಸೇರಿದಂತೆ 9 ನಕ್ಷತ್ರಗಳಿವೆ. ಮಘಾ ನಕ್ಷತ್ರದ ಹುಡುಗಿ ಪ್ರಶ್ನೆ ಕೇಳಿದಾಗ ಅವಳ ನಕ್ಷತ್ರವನ್ನು ಯಾರಾದರೂ ನೆನಪಿಸಿದ್ದನ್ನು ನಾನು ಕೇಳಿಲ್ಲ. ಬೇರಿನವರೆಗೂ ಅಗೆಯುವುದು, ಅರ್ಧ ಉತ್ತರಕ್ಕೆ ಒಪ್ಪದಿರುವುದು, ಹಿಡಿದದ್ದನ್ನು ಬಿಡದಿರುವುದು ಮೂಲಾದವರ ಸ್ವಭಾವ ಎನ್ನುತ್ತಾರೆ. ಹಾಗೆಯೇ ಇರಲಿ. ನನ್ನ ದೊಡ್ಡಪ್ಪನ ಮಗನದೂ ಮೂಲಾ ನಕ್ಷತ್ರವೇ. ಅವನು ಮನೆಯ ರೇಡಿಯೊವನ್ನು ಪೂರ್ತಿ ಬಿಚ್ಚಿ ಹರಡಿಕೊಂಡು ಕುಳಿತಾಗ, "ಎಲ್ಲದರ ಮೂಲ ತಿಳ್ಕೊಳ್ಳದೆ ಬಿಡಲ್ಲ ನಮ್ಮ ಹುಡುಗ" ಎಂದು ಬಂದವರಿಗೆಲ್ಲ ಹೇಳಿಕೊಂಡು ಹಿಗ್ಗಿದರು. ಅದೇ ಮನೆಯಲ್ಲಿ, ಅದೇ ವಯಸ್ಸಿನಲ್ಲಿ, ನಾನು ಏನನ್ನಾದರೂ ಎರಡನೆಯ ಸಲ ಕೇಳಿದರೆ ಸಾಕು, "ಮೂಲಾ ಬುದ್ಧಿ ತೋರಿಸ್ಬೇಡ" ಎನ್ನುತ್ತಿದ್ದರು. ತಮಿಳಿನಲ್ಲಂತೂ ಇದಕ್ಕೆ ಗಾದೆಯೇ ಇದೆ: ಗಂಡು ಮೂಲವಾದರೆ ಅರಸಾಳುತ್ತದೆ, ಹೆಣ್ಣು ಮೂಲವಾದರೆ ನಿರ್ಮೂಲ.

ಈ ಭೇದವನ್ನು ಶಾಸ್ತ್ರವೇ ಮಾಡಿದೆ ಎಂದು ನಾನು ಬಹುಕಾಲ ನಂಬಿದ್ದೆ. ನನಗೆ 16 ತುಂಬಿದ ವರ್ಷ ಅಪ್ಪ ತಾವೇ ಕರೆದು ಕೂರಿಸಿ ಬೃಹಜ್ಜಾತಕ ಎಂಬ ಜ್ಯೋತಿಷ ಗ್ರಂಥದ ಒಂದು ಸಾಲನ್ನು ಓದಿಸಿದರು. ಅದನ್ನು ಬರೆದ ಆರನೆಯ ಶತಮಾನದ ವರಾಹಮಿಹಿರ ಮೂಲಾದಲ್ಲಿ ಹುಟ್ಟಿದವರ ಸ್ವಭಾವವನ್ನು ಹೇಳುವುದು ಹೀಗೆ: "ಮೂಲೇ ಮಾನೀ ಧನವಾನ್ ಸುಖೀ ನ ಹಿಂಸ್ರಃ ಸ್ಥಿರೋ ಭೋಗೀ". ಮಾನವಂತರು, ಧನವಂತರು, ಸುಖಿಗಳು, ಸ್ಥಿರಚಿತ್ತದವರು, ಭೋಗಿಗಳು. ಜೊತೆಗೆ "ನ ಹಿಂಸ್ರಃ", ಯಾರನ್ನೂ ಹಿಂಸಿಸದವರು. ಆ ಎರಡು ಪದಗಳ ಮೇಲೆ ಅಪ್ಪ ಬೆರಳಿಟ್ಟುಕೊಂಡೇ ಕುಳಿತಿದ್ದರು, ನಾನು ಅಳು ನಿಲ್ಲಿಸುವವರೆಗೂ.

ಮೂಲಾ ನಕ್ಷತ್ರದ ಸೊಸೆ ಬಂದರೆ ಮಾವನಿಗೆ ಆಗದು ಎಂಬ ಮಾತು ಎಲ್ಲಿಯದು ಎಂದು ಕೇಳಿದ್ದಕ್ಕೆ ಅವರು ಮುಹೂರ್ತ ಚಿಂತಾಮಣಿಯ ವಿವಾಹ ಪ್ರಕರಣವನ್ನು ತೆರೆದರು. ವರಾಹಮಿಹಿರನ ಸುಮಾರು ಸಾವಿರ ವರ್ಷಗಳ ಅನಂತರ ರಾಮದೈವಜ್ಞ ಬರೆದ ಗ್ರಂಥ ಅದು. ಆಶ್ಲೇಷಾ ಅತ್ತೆಗೆ, ಮೂಲಾ ಮಾವನಿಗೆ ಎಂಬ ದೋಷ ಅಲ್ಲಿರುವುದು ನಿಜ. ಆದರೆ ಅಲ್ಲಿನ ಪದ "ಕನ್ಯಾಸುತೌ". ದ್ವಿವಚನ, ಎಂದರೆ ಹೆಣ್ಣು ಮತ್ತು ಗಂಡು ಇಬ್ಬರೂ. ಮೂಲಾದಲ್ಲಿ ಹುಟ್ಟಿದ ಅಳಿಯನೂ ಹೆಣ್ಣಿನ ತಂದೆಗೆ ಅಷ್ಟೇ ದೋಷಕರ ಎಂದೇ ಅದರ ಅರ್ಥ. ಮುಂದೆ, ಮೂಲಾದ ಕೊನೆಯ ಪಾದಕ್ಕೆ ಈ ದೋಷವಿಲ್ಲ ಎಂದೂ ಸೇರಿಸಲಾಗಿದೆ. ಹೆಣ್ಣಿನ ಜಾತಕವನ್ನು ಮಾತ್ರ ಹಿಂದಿರುಗಿಸುವ ಮನೆಗಳವರು ಈ ದ್ವಿವಚನವನ್ನು ಯಾವಾಗ, ಯಾರ ಅಪ್ಪಣೆಯಿಂದ ಅಳಿಸಿದರು? ನಾನು ಆ ನಿಯಮವನ್ನು ಒಪ್ಪಿ ಹೀಗೆ ಕೇಳುತ್ತಿಲ್ಲ. ಶಾಸ್ತ್ರದ ಹೆಸರು ಹೇಳಿ ಹುಡುಗಿಯ ಬಾಯಿ ಮುಚ್ಚಿಸುವವರು ಆ ಶಾಸ್ತ್ರಕ್ಕಾದರೂ ನಿಷ್ಠರಾಗಿಲ್ಲವಲ್ಲ ಎಂಬುದು ನನ್ನನ್ನು ಇಂದಿಗೂ ಸುಡುತ್ತದೆ.

ಇಲ್ಲಿಯವರೆಗೆ ಎಂದೂ ಬರೆಯದ ಒಂದು ಸಂಗತಿಯನ್ನು ಈಗ ಬರೆಯುತ್ತೇನೆ. ಮೂಲಾ ಮೊದಲ ಪಾದ ತಂದೆಗೆ, ಎರಡನೆಯದು ತಾಯಿಗೆ, ಮೂರನೆಯದು ಧನಕ್ಕೆ ಕೇಡು, ನಾಲ್ಕನೆಯದು ಶುಭ ಎಂಬ ಮಾತು ಬಲ್ಲವರಿಗೆ ಗೊತ್ತು. ನನಗೆ 9 ವರ್ಷವಾಗಿದ್ದಾಗ ಅಮ್ಮ ತೀರಿಕೊಂಡರು. ಹನ್ನೊಂದನೆಯ ದಿನ ನಡುಮನೆಯಲ್ಲಿ ಯಾರೋ, "ಎರಡನೇ ಪಾದ ಅಂತ ಆಗಲೇ ಹೇಳಿದ್ರು" ಎಂದದ್ದು ಬಾಗಿಲ ಹಿಂದಿದ್ದ ನನಗೆ ಕೇಳಿಸಿತು. ಅಂದಿನಿಂದ ಹಲವು ವರ್ಷಗಳ ಕಾಲ ನಾನು ಯಾರನ್ನೂ ಹೆಚ್ಚು ಹಚ್ಚಿಕೊಳ್ಳಲಿಲ್ಲ. ನನ್ನ ಪ್ರೀತಿಯೇ ಮುಟ್ಟಿದವರನ್ನು ಒಣಗಿಸುತ್ತದೆ ಎಂದು ತಿಳಿದಿದ್ದೆ. ಮದುವೆಯಾಗಿ ಎಷ್ಟೋ ಕಾಲದ ಮೇಲೆ ಹಳೆಯ ಟ್ರಂಕಿನಲ್ಲಿ ಅಮ್ಮನ ಆಸ್ಪತ್ರೆಯ ಚೀಟಿಗಳು ಸಿಕ್ಕವು. ಅವರ ಹೃದಯದ ಕವಾಟ ಕೆಟ್ಟಿದೆ ಎಂದು ವೈದ್ಯರು ಬರೆದದ್ದು ನಾನು ಹುಟ್ಟುವುದಕ್ಕಿಂತ 3 ವರ್ಷ ಮೊದಲು. ಆ ಚೀಟಿಯನ್ನು ಹಿಡಿದುಕೊಂಡು ನಾನು ಎಷ್ಟು ಹೊತ್ತು ನೆಲದ ಮೇಲೆ ಕುಳಿತಿದ್ದೆನೋ ನೆನಪಿಲ್ಲ.

"ಆದರೂ ಸ್ವಭಾವ ಹೊಂದುತ್ತದಲ್ಲ, ನೀನೇ ಹಟಮಾರಿಯಲ್ಲವೇ" ಎಂದು ಕೇಳುವ ಗೆಳತಿಯರಿದ್ದಾರೆ. ಅವರಿಗೆ ಹೇಳುವುದು ಇಷ್ಟೇ: ವರಾಹಮಿಹಿರ ಮೂಲಾದ ಹಿಂದಿನ ನಕ್ಷತ್ರವಾದ ಜ್ಯೇಷ್ಠಾದವರನ್ನು ಕುರಿತು ಹೇಳಿದ "ಬಹಳ ಸ್ನೇಹಿತರಿಲ್ಲದವರು, ಸಂತುಷ್ಟರು, ಧರ್ಮಿಷ್ಠರು, ಬಹುಕೋಪಿಗಳು" ಎಂಬ ವಿವರಣೆ ನನಗೆ ಮೂಲಾದ ವಿವರಣೆಗಿಂತ ಚೆನ್ನಾಗಿ ಹೊಂದುತ್ತದೆ. 1948ರಲ್ಲಿ ಬರ್ಟ್ರಮ್ ಫೋರರ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞ ತನ್ನ 39 ವಿದ್ಯಾರ್ಥಿಗಳಿಗೆ, ಇದು ನಿನ್ನೊಬ್ಬನದೇ ಸ್ವಭಾವ ಎಂದು ನಂಬಿಸಿ ಎಲ್ಲರಿಗೂ ಒಂದೇ ಬರಹವನ್ನು ಹಂಚಿದ. ಅವರು ಅದರ ಸತ್ಯಕ್ಕೆ 5ರಲ್ಲಿ ಸರಾಸರಿ 4.26 ಅಂಕ ಕೊಟ್ಟರು. ಲೆಕ್ಕವನ್ನಾದರೂ ನೋಡಿ. ಚಂದ್ರ ಸುಮಾರು ಒಂದು ದಿನ ಮೂಲಾದಲ್ಲಿರುತ್ತಾನೆ, ಸರಿಸುಮಾರು 27ರಲ್ಲಿ ಒಂದು ಮಗು ಆಗ ಹುಟ್ಟುತ್ತದೆ. 2011ರ ಜನಗಣತಿಯ ಪ್ರಕಾರ ಕರ್ನಾಟಕದಲ್ಲಿದ್ದವರು 6.11 ಕೋಟಿ, ಅವರಲ್ಲಿ ಮೂಲಾದವರು 22 ಲಕ್ಷಕ್ಕೂ ಹೆಚ್ಚು. ಇಷ್ಟು ಜನಕ್ಕೆ ಒಂದೇ ಬುದ್ಧಿಯೇ? ಇನ್ನು ರಾಶಿಚಕ್ರ ಎಲ್ಲಿಂದ ಶುರುವಾಗುತ್ತದೆ ಎಂದು ಗೊತ್ತುಮಾಡುವ ಲೆಕ್ಕಕ್ಕೆ ಅಯನಾಂಶ ಎನ್ನುತ್ತಾರೆ; ಲಾಹಿರಿ ಅಯನಾಂಶಕ್ಕೂ ಬೆಂಗಳೂರಿನ ಜ್ಯೋತಿಷಿ ಬಿ.ವಿ. ರಾಮನ್ ಅವರು ಬಳಸಿದ ಅಯನಾಂಶಕ್ಕೂ ಸುಮಾರು ಒಂದೂವರೆ ಡಿಗ್ರಿ ವ್ಯತ್ಯಾಸವಿದೆ. ಅಷ್ಟು ದೂರ ಸಾಗಲು ಚಂದ್ರನಿಗೆ ಎರಡೂವರೆ ಗಂಟೆಗೂ ಹೆಚ್ಚು ಬೇಕು. ಆ ಹೊತ್ತಿನಲ್ಲಿ ಹುಟ್ಟಿದ ಹುಡುಗಿ ಒಂದು ಗಣಿತದಲ್ಲಿ ಜ್ಯೇಷ್ಠಾ, ಇನ್ನೊಂದರಲ್ಲಿ ಮೂಲಾ. ಅವಳು ಕೇಳುವ ಪ್ರಶ್ನೆ ಮಾತ್ರ ಎರಡರಲ್ಲೂ ಅದೇ ಆಗಿರುತ್ತದೆ.

ಶಾಂತಿ ಮಾಡಿಸಿದರೆ ಮುಗಿಯಿತಲ್ಲ ಎನ್ನುವವರೂ ಇದ್ದಾರೆ. ನನಗೂ ಮಾಡಿಸಿದ್ದರು; 27ನೆಯ ದಿನ ಅಪ್ಪ ಎಣ್ಣೆಯ ಬಟ್ಟಲಲ್ಲಿ ನನ್ನ ಮುಖದ ನೆರಳನ್ನು ಮೊದಲು ನೋಡಿ, ಆಮೇಲೆ ನನ್ನನ್ನು ನೋಡಿದರಂತೆ. ಮುಹೂರ್ತ ಚಿಂತಾಮಣಿಯೂ ಶಾಂತಿಯಿಂದ ಎಲ್ಲವೂ ಶುಭವೆನ್ನುತ್ತದೆ. ಹಾಗಿದ್ದೂ "ಕನ್ಯಾಸುತೌ" ಎಂದು ನನಗೆ ಕಲಿಸಿದ ಅದೇ ಅಪ್ಪ, ನನ್ನ ಮದುವೆಯ ಹೊತ್ತಿಗೆ ಮಾವನಿಲ್ಲದ ಮನೆಯನ್ನೇ ಹುಡುಕಿದರು. ಯಾರದೋ ಸಾವನ್ನು ನನ್ನ ಅನುಕೂಲವೆಂದು ಎಣಿಸಿ ನನ್ನನ್ನು ಆ ಮನೆಗೆ ಕಳಿಸಿದರು. ಅವರ ಮೇಲಿನ ಪ್ರೀತಿ ಕಡಿಮೆಯಾಗಲಿಲ್ಲ, ಆದರೆ ಇದನ್ನು ಮಾತ್ರ ನಾನು ಕ್ಷಮಿಸಿಲ್ಲ.

ನವರಾತ್ರಿಯಲ್ಲಿ ಮೂಲಾ ನಕ್ಷತ್ರದ ದಿನವೇ ನಮ್ಮ ಮನೆಗಳಲ್ಲಿ ಸರಸ್ವತಿಯನ್ನು ಆವಾಹನೆ ಮಾಡುತ್ತೇವೆ, ಶ್ರವಣದಲ್ಲಿ ವಿಸರ್ಜಿಸುತ್ತೇವೆ. ವಿದ್ಯೆಯ ದೇವಿಯನ್ನು ಕರೆಯಲು ಒಳ್ಳೆಯದಾದ ದಿನ ಮಗಳು ಹುಟ್ಟಲು ಕೆಟ್ಟದ್ದು ಹೇಗಾಯಿತು? ಆಕಾಶದಲ್ಲಿ ಕಾಣುವ ವೃಶ್ಚಿಕ ತಾರಾಪುಂಜದ ಬಾಲದ ತುದಿಯಲ್ಲಿ ಒತ್ತಾಗಿ ಹೊಳೆಯುವ ಎರಡು ತಾರೆಗಳನ್ನು ಅಥರ್ವವೇದ "ವಿಚೃತೌ" ಎಂದು ಕರೆಯುತ್ತದೆ. ಕಟ್ಟು ಬಿಚ್ಚುವವರು ಎಂದು ಅರ್ಥ. ತಾಯಿತಂದೆಯರಿಂದ ಬಂದ ರೋಗದ ಪಾಶವನ್ನು ಬಿಡಿಸಿರಿ ಎಂದು ಅಲ್ಲಿ ಅವನ್ನು ಬೇಡಲಾಗಿದೆ. ಮೂಲಾ ಎಂದು ನಾವು ಇಂದು ಹೆದರುವುದು ಆ ತಾರೆಗಳಿಗೇ. ಅಮ್ಮನ ಚೀಟಿ ಸಿಕ್ಕ ವರ್ಷ ಮಹಡಿ ಹತ್ತಿ ದಕ್ಷಿಣದ ಆಕಾಶದಲ್ಲಿ ಅವನ್ನು ಬಹಳ ಹೊತ್ತು ನೋಡಿದ್ದೇನೆ.

ನಿನ್ನೆ ಸಂಜೆ ಆ ಹುಡುಗಿಗೆ ಫೋನ್ ಮಾಡಿದೆ. ಭಾನುವಾರ ನೀನು ಕೇಳಿದ್ದಕ್ಕೆ ಉತ್ತರ ಬಾಕಿ ಇದೆ ಎಂದು ಹೇಳಿ, ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯ ಪ್ರಕಾರ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕು ಹುಟ್ಟಿನಿಂದಲೇ ಇದೆ, ನೀನು ಕೇಳಿದ್ದು ಸರಿಯಾದ ಪ್ರಶ್ನೆ, ಅಂದು ನಾನು ಸುಮ್ಮನಿದ್ದದ್ದು ನನ್ನ ತಪ್ಪು ಎಂದೆ. ಅವಳು ಎಲ್ಲವನ್ನೂ ಕೇಳಿಸಿಕೊಂಡಳು. "ಇದು ಅತ್ತೆಗೆ ಗೊತ್ತಾ?" ಎಂದಳು. ಗೊತ್ತಿರಬೇಕು ಎಂದೆ.

"ಮತ್ತೆ ಅವರು ಯಾಕೆ ಕೇಳಲ್ಲ? ಅತ್ತೇದು ಬೇರೆ ನಕ್ಷತ್ರನಾ?"